ಅಧ್ಯಕ್ಷರ ಕುರ್ಚಿಯಿಂದ ‘ಬೇಡ’ ಮತದವರೆಗೆ: ಕಿಲ್ಲರ್ ರೋಬೋಟ್ ಚರ್ಚೆಯಲ್ಲಿ ಭಾರತ

2023ರ ಡಿಸೆಂಬರ್ 22, ಶುಕ್ರವಾರ. ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಕ್ರಿಸ್‌ಮಸ್‌ಗೆ ಮುಂಚೆ ಬಾಕಿ ಕೆಲಸ ಮುಗಿಸುತ್ತಿತ್ತು. ಅದರ ನಡುವೆ ಸ್ವಾಯತ್ತ ಶಸ್ತ್ರಾಸ್ತ್ರಗಳ, ಅಂದರೆ ತಾವೇ ಗುರಿ ಆರಿಸಿ ಹೊಡೆಯುವ ‘ಕಿಲ್ಲರ್ ರೋಬೋಟ್’ಗಳ ಬಗ್ಗೆ ಒಂದು ನಿರ್ಣಯ ಮತಕ್ಕೆ ಬಂತು. ಸಂಖ್ಯೆ 78/241. ಪರವಾಗಿ 152 ದೇಶಗಳು. ದೂರ ಉಳಿದವು 11. ವಿರೋಧಿಸಿದ್ದು ನಾಲ್ಕೇ ನಾಲ್ಕು: ರಷ್ಯಾ, ಬೆಲಾರೂಸ್, ಮಾಲಿ ಮತ್ತು ಭಾರತ.

ಅಮೆರಿಕ ಪರವಾಗಿ ಮತ ಹಾಕಿತ್ತು. ಪಾಕಿಸ್ತಾನವೂ ಅಷ್ಟೇ. ಡ್ರೋನ್ ಮಾರುವುದರಲ್ಲಿ ಹೆಸರು ಮಾಡಿರುವ ಇಸ್ರೇಲ್ ಮತ್ತು ಟರ್ಕಿ ಕೂಡ ‘ಬೇಡ’ ಅನ್ನಲಿಲ್ಲ, ಸುಮ್ನೆ ದೂರ ಉಳಿದವು. ಚೀನಾ ಮಾಡಿದ್ದೂ ಅದನ್ನೇ. ಅದಕ್ಕೂ ಮುಂಚೆ ನವೆಂಬರ್ 1ರಂದು ಇದೇ ನಿರ್ಣಯ ಸಾಮಾನ್ಯ ಸಭೆಯಲ್ಲಿ ನಿಶ್ಶಸ್ತ್ರೀಕರಣದ ವಿಷಯ ನೋಡುವ ‘ಮೊದಲ ಸಮಿತಿ’ಗೆ ಬಂದಾಗ 164 ಪರ, 5 ವಿರೋಧ. ಆಗಲೂ ಆ ಐದರಲ್ಲಿ ಭಾರತ ಇತ್ತು.

ಇಷ್ಟಕ್ಕೂ ನಿರ್ಣಯ ಕೇಳಿದ್ದೇನು? ನಿಷೇಧ ಹೇರಿ ಅಂದಿರಲಿಲ್ಲ. ಒಪ್ಪಂದಕ್ಕೆ ಮಾತುಕತೆ ಶುರು ಮಾಡಿ ಅಂತಲೂ ಇರಲಿಲ್ಲ. ಆಸ್ಟ್ರಿಯಾ ಮುಂದೆ ನಿಂತು ತಂದಿದ್ದ ಆ ಪಠ್ಯದ ತಿರುಳು ಇಷ್ಟೇ: ಮಹಾ ಕಾರ್ಯದರ್ಶಿಗಳು ಸದಸ್ಯ ದೇಶಗಳ ಅಭಿಪ್ರಾಯ ಕೇಳಬೇಕು, ರೆಡ್ ಕ್ರಾಸ್, ನಾಗರಿಕ ಸಂಘಟನೆಗಳು ಮತ್ತು ವಿಜ್ಞಾನಿಗಳನ್ನೂ ಕೇಳಬೇಕು, ಮುಂದಿನ ವರ್ಷ ಒಂದು ವರದಿ ಕೊಡಬೇಕು. ಅಭಿಪ್ರಾಯ ಕೇಳುವುದಕ್ಕೂ ಬೇಡ ಅಂದರೆ ಏನೋ ಬೇರೆ ಕಾರಣ ಇರಲೇಬೇಕಲ್ವಾ?

ಅದರಲ್ಲೂ ಈ ವಿಷಯದ ಮೊದಲ ಅಧಿಕೃತ ತಜ್ಞರ ಗುಂಪಿಗೆ ಅಧ್ಯಕ್ಷರಾಗಿದ್ದವರು ಭಾರತದ ರಾಯಭಾರಿ. ಆ ಕುರ್ಚಿಯಿಂದ ಈ ಮತಕ್ಕೆ ಬರಲು ಆರು ವರ್ಷ ಹಿಡಿಯಿತು. ಆ ಆರು ವರ್ಷದಲ್ಲಿ ಆಗಿದ್ದೇನು ಅಂತ ನೋಡಿದರೆ, ಈ ಆಯುಧಗಳ ನಿಯಂತ್ರಣದ ಇಡೀ ಪ್ರಯತ್ನ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅನ್ನುವುದೂ ಕಾಣುತ್ತದೆ.

ಯಾವುದರ ಬಗ್ಗೆ ಜಗಳ

ಡ್ರೋನ್ ಅಂದ ಕೂಡಲೇ ಸ್ವಾಯತ್ತ ಆಯುಧ ಆಗುವುದಿಲ್ಲ. ಪರದೆ ಮುಂದೆ ಕೂತ ಸೈನಿಕ ಗುರಿ ನೋಡಿ, ಇದೇ ಅಂತ ಖಚಿತ ಮಾಡಿಕೊಂಡು ಗುಂಡಿ ಒತ್ತಿದರೆ, ಅವನು ಸಾವಿರ ಕಿಲೋಮೀಟರ್ ಆಚೆ ಇದ್ದರೂ ತೀರ್ಮಾನ ಮನುಷ್ಯನದ್ದೇ. ಒಮ್ಮೆ ಚಾಲೂ ಮಾಡಿ ಬಿಟ್ಟ ಮೇಲೆ ಯಂತ್ರವೇ ಸೆನ್ಸರ್ ನಂಬಿ ಗುರಿ ಆರಿಸಿ ಹೊಡೆದರೆ ಆಗ ಅದು ಸ್ವಾಯತ್ತ. ಹೊಡೆತ ಯಾರ ಮೇಲೆ, ಯಾವ ಕ್ಷಣಕ್ಕೆ, ಎಲ್ಲಿ ಬೀಳುತ್ತದೆ ಅನ್ನುವುದು ಬಿಟ್ಟವನಿಗೇ ಗೊತ್ತಿರುವುದಿಲ್ಲ. ರೆಡ್ ಕ್ರಾಸ್ ಸಮಿತಿ ಹೆಚ್ಚುಕಮ್ಮಿ ಹೀಗೇ ವಿವರಿಸುತ್ತದೆ.

ಕೇಳಲು ಸರಳ. ಆದರೆ ಇಸ್ರೇಲಿನ ಹಾರ್ಪಿಯನ್ನು ತಗೊಳ್ಳಿ. ಶತ್ರುವಿನ ರೇಡಾರ್ ಅಲೆ ಹುಡುಕುತ್ತಾ ಆಕಾಶದಲ್ಲಿ ಸುತ್ತುವ ಆಯುಧ ಅದು. ಅಲೆ ಸಿಕ್ಕ ಕೂಡಲೇ ಅದರ ಮೂಲಕ್ಕೆ ತಾನೇ ಹೋಗಿ ಬೀಳುತ್ತದೆ. ಅದು ಇಂದು ನಿನ್ನೆಯದಲ್ಲ, ದಶಕಗಳಿಂದ ಇದೆ. ಭಾರತವೂ ಕೊಂಡಿದೆ, ಚೀನಾವೂ ಕೊಂಡಿದೆ. ನಮ್ಮ ಯುದ್ಧನೌಕೆಗಳ ಮೇಲಿರುವ ಎಕೆ-630 ಫಿರಂಗಿ ಇನ್ನೊಂದು ಉದಾಹರಣೆ. ನುಗ್ಗಿ ಬರುವ ಕ್ಷಿಪಣಿಯನ್ನು ಸೆಕೆಂಡುಗಳ ಲೆಕ್ಕದಲ್ಲಿ ಹೊಡೆಯಬೇಕು. ಅಷ್ಟರಲ್ಲಿ ಮನುಷ್ಯ ಯೋಚಿಸಿ ಅಪ್ಪಣೆ ಕೊಡಲು ಸಮಯವೆಲ್ಲಿ? ರೇಡಾರ್ ಹಿಡಿದು ತೋರಿಸಿದ್ದನ್ನು ಅದು ತಾನಾಗಿ ಹೊಡೆಯುವಂತೆ ಇಡಬಹುದು. ಇವನ್ನೂ ನಿಷೇಧಿಸಬೇಕೇ? ಬೇಡ ಅಂತ ಹೆಚ್ಚಿನವರು ಹೇಳುತ್ತಾರೆ. ಹಾಗಾದರೆ ಗೆರೆ ಎಲ್ಲಿ ಎಳೆಯುವುದು?

ಗೆರೆ ಎಳೆದರೂ ಅದನ್ನು ದಾಟಿದ್ದು ಯಾರು ಅಂತ ತೋರಿಸುವುದು ಇನ್ನೂ ಕಷ್ಟ. 2020ರ ಮಾರ್ಚ್‌ನಲ್ಲಿ ಲಿಬಿಯಾದ ಅಂತರ್ಯುದ್ಧದಲ್ಲಿ ಹಿಮ್ಮೆಟ್ಟುತ್ತಿದ್ದ ಸೇನಾ ನಾಯಕ ಹಫ್ತಾರ್‌ನ ಪಡೆಗಳನ್ನು ಟರ್ಕಿ ತಯಾರಿಸಿದ ಕಾರ್ಗು-2 ಡ್ರೋನ್‌ಗಳಂಥ ಆಯುಧಗಳು ಬೆನ್ನಟ್ಟಿದವು ಅಂತ ವಿಶ್ವಸಂಸ್ಥೆಯ ತಜ್ಞರ ಸಮಿತಿ ಮರುವರ್ಷ ವರದಿ ಮಾಡಿತು. ನಿರ್ವಾಹಕನ ಜೊತೆ ಸಂಪರ್ಕ ಇಲ್ಲದೆಯೂ ಗುರಿ ಹೊಡೆಯುವಂತೆ ಅವುಗಳನ್ನು ಸಜ್ಜು ಮಾಡಲಾಗಿತ್ತು ಅಂತ ಆ ವರದಿಯಲ್ಲಿತ್ತು. ಜಗತ್ತಿನ ಪತ್ರಿಕೆಗಳೆಲ್ಲ ‘ಮೊದಲ ಕಿಲ್ಲರ್ ರೋಬೋಟ್’ ಅಂತ ಬರೆದವು. ಆದರೆ ಸ್ವಾಯತ್ತ ಸ್ಥಿತಿಯಲ್ಲೇ ಅದು ಯಾರನ್ನಾದರೂ ಕೊಂದಿತೇ ಅನ್ನುವುದನ್ನು ವರದಿ ಬಿಡಿಸಿ ಹೇಳಿರಲಿಲ್ಲ. ನಿರ್ವಾಹಕ ಒಪ್ಪದೆ ನಮ್ಮ ಡ್ರೋನ್ ಹೊಡೆಯುವುದಿಲ್ಲ ಅಂತ ತಯಾರಿಸಿದ ಕಂಪನಿ ಹೇಳಿತು. ಬಿದ್ದ ಡ್ರೋನಿನ ಚೂರು ಹಿಡಿದು ನೋಡಿದರೆ ಆ ಹೊತ್ತಿನಲ್ಲಿ ಸಾಫ್ಟ್‌ವೇರ್ ಯಾವ ಸೆಟ್ಟಿಂಗ್‌ನಲ್ಲಿತ್ತು ಅಂತ ಹೇಗೆ ತಿಳಿಯುತ್ತದೆ? ರಾಸಾಯನಿಕ ಅಸ್ತ್ರವಾದರೆ ಮಣ್ಣಿನಲ್ಲಿ, ರಕ್ತದಲ್ಲಿ ಕುರುಹು ಸಿಗುತ್ತದೆ. ಇಲ್ಲಿ ಅಂಥದ್ದೇನೂ ಇಲ್ಲ.

ಜಿನೀವಾದ ಕೋಣೆ

ವಿಷಯ ಶುರುವಾಗಿದ್ದು ಜಿನೀವಾದಲ್ಲೇನೂ ಅಲ್ಲ. 2012ರ ನವೆಂಬರ್‌ನಲ್ಲಿ ಹ್ಯೂಮನ್ ರೈಟ್ಸ್ ವಾಚ್ ಒಂದು ವರದಿ ತಂದು, ಈ ಆಯುಧಗಳು ಬರುವ ಮುಂಚೆಯೇ ನಿಷೇಧಿಸಿ ಅಂತ ಕೇಳಿತು. ಅದೇ ತಿಂಗಳು ಅಮೆರಿಕದ ರಕ್ಷಣಾ ಇಲಾಖೆ ತನ್ನ ಸೇನೆಗೆ ನಿಯಮ ಹೊರಡಿಸಿತು: ಬಲಪ್ರಯೋಗದಲ್ಲಿ ಮನುಷ್ಯನ ವಿವೇಚನೆ ‘ಸೂಕ್ತ ಮಟ್ಟ’ದಲ್ಲಿ ಇರಬೇಕು. ಆ ಸೂಕ್ತ ಮಟ್ಟ ಎಷ್ಟು ಅನ್ನುವುದನ್ನು ಅವರೇ ನಿರ್ಧರಿಸಿಕೊಳ್ಳಬಹುದು. 2013ರ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ಕಿಲ್ಲರ್ ರೋಬೋಟ್ ವಿರೋಧಿ ಅಭಿಯಾನ ಶುರುವಾಯಿತು. ಮುಂದಿನ ತಿಂಗಳು ವಿಶ್ವಸಂಸ್ಥೆಯ ವಿಶೇಷ ವರದಿಗಾರ ಕ್ರಿಸ್ಟಾಫ್ ಹೇನ್ಸ್ ಮಾನವ ಹಕ್ಕುಗಳ ಮಂಡಳಿ ಮುಂದೆ ನಿಂತು, ಸದ್ಯಕ್ಕೆ ಎಲ್ಲರೂ ತಡೆ ಹಾಕಿಕೊಳ್ಳಿ ಅಂದರು. ಅಲ್ಲಿ ಮೊಟ್ಟಮೊದಲು ಎದ್ದು ಪೂರ್ಣ ನಿಷೇಧ ಬೇಕು ಅಂದ ದೇಶ ಪಾಕಿಸ್ತಾನ. ಈ ಸಂಗತಿ ಮುಂದೆ ಬೇಕಾಗುತ್ತದೆ.

ಚರ್ಚೆಯನ್ನು ಯಾವ ವೇದಿಕೆಗೆ ಹಾಕುವುದು ಅಂತ ಬಂದಾಗ ಆಯ್ಕೆಯಾಗಿದ್ದು ಸಿಸಿಡಬ್ಲ್ಯೂ, ಅಂದರೆ ಕೆಲವು ಸಾಂಪ್ರದಾಯಿಕ ಶಸ್ತ್ರಾಸ್ತ್ರಗಳ ಮೇಲಿನ 1980ರ ಒಪ್ಪಂದ. ಇದರ ಕೆಳಗೆ ಐದು ಪ್ರೋಟೋಕಾಲ್‌ಗಳು, ಅಂದರೆ ಉಪಒಪ್ಪಂದಗಳಿವೆ. 1995ರಲ್ಲಿ ಕಣ್ಣು ಕುರುಡು ಮಾಡುವ ಲೇಸರ್ ಆಯುಧಗಳನ್ನು, ಅವು ರಣರಂಗಕ್ಕೆ ಬರುವ ಮುಂಚೆಯೇ, ನಿಷೇಧಿಸಿದ್ದು ಇದೇ ಒಪ್ಪಂದ. ಬರುವ ಮುಂಚೆಯೇ ತಡೆಯಬಹುದು ಅನ್ನುವವರಿಗೆ ಇದೊಂದು ದೊಡ್ಡ ಆಸರೆ. ಭಾರತ ಐದೂ ಪ್ರೋಟೋಕಾಲ್‌ಗಳಿಗೆ ಸೇರಿದೆ, ನಮ್ಮ ರಾಜತಾಂತ್ರಿಕರಿಗೆ ಈ ವೇದಿಕೆ ಮೇಲೆ ಅಭಿಮಾನ ಜಾಸ್ತಿ.

ಅಭಿಮಾನಕ್ಕೆ ಮುಖ್ಯ ಕಾರಣ ಒಮ್ಮತದ ನಿಯಮ. ಅಲ್ಲಿ ಮತ ಹಾಕಿ ತೀರ್ಮಾನಿಸುವ ಪದ್ಧತಿ ಇಲ್ಲ. 120ಕ್ಕೂ ಹೆಚ್ಚು ದೇಶಗಳು ಕೂತಿದ್ದರೂ ಒಬ್ಬರು ಕೈ ಎತ್ತಿ ಆಗಲ್ಲ ಅಂದರೆ ಮುಗಿಯಿತು. ಎಲ್ಲ ಮನೆಯವರೂ ಒಪ್ಪಿದರೆ ಮಾತ್ರ ಲಿಫ್ಟ್ ರಿಪೇರಿ ಅನ್ನುವ ಅಪಾರ್ಟ್‌ಮೆಂಟ್ ಸಂಘ ಹೇಗೆ ನಡೆಯುತ್ತದೋ ಇದೂ ಹಾಗೇ. ಆದರೆ ದೊಡ್ಡ ಸೇನೆ ಇರುವ ದೇಶಗಳು ಈ ನಿಯಮ ಇರುವುದರಿಂದಲೇ ಅಲ್ಲಿ ಕೂರುತ್ತವೆ.

2014ರಿಂದ ಮೂರು ವರ್ಷ ಅನೌಪಚಾರಿಕ ಮಾತುಕತೆ ನಡೆಯಿತು. ಆಗ ಭಾರತ ಹೇಳಿದ ಮಾತುಗಳು ಈಗ ಓದಿದರೂ ತೂಕವಾಗಿವೆ. ರಾಯಭಾರಿ ವೆಂಕಟೇಶ್ ವರ್ಮಾ ಎರಡು ಭಯ ಮುಂದಿಟ್ಟಿದ್ದರು. ಈ ವಿಷಯದಲ್ಲಿ ಏನೇ ಮಾಡಿದರೂ ದೇಶದೇಶಗಳ ನಡುವಿನ ತಂತ್ರಜ್ಞಾನದ ಅಂತರ ಹೆಚ್ಚಾಗಬಾರದು, ಇದು ಒಂದು. ನಮ್ಮವರು ಜಾಸ್ತಿ ಸಾಯುವುದಿಲ್ಲ ಅನ್ನುವ ಧೈರ್ಯದಲ್ಲಿ ಯುದ್ಧಕ್ಕೆ ಇಳಿಯುವುದು ಸುಲಭ ಆಗಬಾರದು, ಇದು ಇನ್ನೊಂದು. ಎರಡನೆಯದು ನನಗೆ ಇಡೀ ಚರ್ಚೆಯಲ್ಲೇ ಗಟ್ಟಿಯಾದ ವಾದ ಅನ್ನಿಸುತ್ತದೆ.

2016ರ ಡಿಸೆಂಬರ್‌ನಲ್ಲಿ ಸಿಸಿಡಬ್ಲ್ಯೂನ ಐದನೇ ಪರಿಶೀಲನಾ ಸಮ್ಮೇಳನ ಸರ್ಕಾರಿ ತಜ್ಞರ ಅಧಿಕೃತ ಗುಂಪು ರಚಿಸಿತು. ಸಮ್ಮೇಳನದ ಅಧ್ಯಕ್ಷತೆ ಪಾಕಿಸ್ತಾನದ ತೆಹ್ಮೀನಾ ಜಂಜುವಾ ಅವರದ್ದು. ಹೊಸ ಗುಂಪಿನ ಅಧ್ಯಕ್ಷತೆ ಭಾರತದ ಅಮನ್‌ದೀಪ್ ಸಿಂಗ್ ಗಿಲ್ ಅವರಿಗೆ. ಬೇರೆ ಯಾವ ವಿಷಯದಲ್ಲಿ ಈ ಎರಡು ದೇಶಗಳು ಹೀಗೆ ಒಬ್ಬರ ಕೈಯಿಂದ ಒಬ್ಬರಿಗೆ ಕಡತ ದಾಟಿಸಿವೆ ಹೇಳಿ!

ಶುರುವಿನಲ್ಲೇ ವಿಘ್ನ. ದೇಶಗಳು ಚಂದಾ ಬಾಕಿ ಕಟ್ಟದೆ 2017ರ ಆಗಸ್ಟ್ ಸಭೆಯೇ ರದ್ದಾಯಿತು. ಕಡೆಗೆ ನವೆಂಬರ್‌ನಲ್ಲಿ ಸೇರಿದರು. ಆ ವಾರ ಜಿನೀವಾದಲ್ಲಿ ಒಂದು ಕಿರುಚಿತ್ರ ತೋರಿಸಿದರು. ಅಂಗೈಯಗಲದ ಡ್ರೋನ್‌ಗಳು ಮುಖ ಗುರುತಿಸಿ ವಿದ್ಯಾರ್ಥಿಗಳನ್ನು ಕೊಲ್ಲುವ ಕಥೆ, ಕೃತಕ ಬುದ್ಧಿಮತ್ತೆಯ ವಿಜ್ಞಾನಿ ಸ್ಟುವರ್ಟ್ ರಸೆಲ್ ಅದರ ಹಿಂದಿದ್ದರು. ಇಂಟರ್ನೆಟ್ ತುಂಬ ಅದೇ ಸುದ್ದಿ. ಪತ್ರಕರ್ತರ ಮುಂದೆ ಬಂದ ಗಿಲ್, ರೋಬೋಟ್‌ಗಳೇನೂ ಜಗತ್ತನ್ನು ವಶಕ್ಕೆ ತಗೊಳ್ಳುತ್ತಿಲ್ಲ, ಇನ್ನೂ ಮನುಷ್ಯರೇ ನಡೆಸುತ್ತಿದ್ದಾರೆ ಅಂತ ಸಮಾಧಾನ ಹೇಳಬೇಕಾಯಿತು.

ಅವರು ಕೆಲಸ ಮಾಡಿದ ರೀತಿ ಮೆಚ್ಚುವಂಥದ್ದು. ಕಾನೂನು ಒಪ್ಪಂದ ಬೇಕೇ ಬೇಡವೇ ಅಂತ ಮೊದಲ ದಿನವೇ ಜಗಳಕ್ಕೆ ಬಿಡದೆ, ಎಲ್ಲರೂ ತಲೆಯಾಡಿಸಬಹುದಾದ ಸಾಲುಗಳನ್ನು ಒಂದೊಂದಾಗಿ ಜೋಡಿಸಿದರು. 2018ರ ಆಗಸ್ಟ್ ಹೊತ್ತಿಗೆ ಹತ್ತು ಮಾರ್ಗದರ್ಶಿ ತತ್ವಗಳು ಸಿದ್ಧವಾದವು. ಯುದ್ಧದ ಮಾನವೀಯ ಕಾನೂನು ಈ ಆಯುಧಗಳಿಗೂ ಅನ್ವಯಿಸುತ್ತದೆ. ಹೊಣೆಯನ್ನು ಯಂತ್ರದ ಮೇಲೆ ಹಾಕುವಂತಿಲ್ಲ, ಅದು ಮನುಷ್ಯನದ್ದೇ. ಆಯುಧ ಭಯೋತ್ಪಾದಕರ ಕೈಗೆ ಸಿಗುವ, ಹ್ಯಾಕ್ ಆಗುವ ಅಪಾಯ ನೋಡಿಕೊಳ್ಳಬೇಕು. ಈ ಯಂತ್ರಗಳಿಗೆ ಮನುಷ್ಯರ ಗುಣ ಅಂಟಿಸಿ ಮಾತಾಡಬಾರದು ಅಂತಲೂ ಒಂದು ತತ್ವ ಇದೆ. ಅಭಿಯಾನದವರ ‘ಕಿಲ್ಲರ್ ರೋಬೋಟ್’ ಅನ್ನುವ ಮಾತಿಗೆ ಅದು ಸರ್ಕಾರಗಳ ಕಡೆಯ ಉತ್ತರ ಅಂತ ನನ್ನ ಅನುಮಾನ. 2019ರಲ್ಲಿ ಹನ್ನೊಂದನೆಯದು ಸೇರಿತು, ಆ ವರ್ಷದ ನವೆಂಬರ್‌ನಲ್ಲಿ ಎಲ್ಲ ದೇಶಗಳೂ ಒಪ್ಪಿದವು.

ಅಲ್ಲಿಗೆ ಗಾಡಿ ನಿಂತಿತು. ತತ್ವ ಒಪ್ಪುವುದು ಬೇರೆ, ಅದಕ್ಕೆ ಕಟ್ಟುಬೀಳುವುದು ಬೇರೆ. 2019ರಲ್ಲಿ ಎಷ್ಟು ದಿನ ಸಭೆ ಸೇರಬೇಕು ಅನ್ನುವುದಕ್ಕೂ ಒಮ್ಮತ ಬೇಕಿತ್ತು. ಹಿಂದಿನ ವರ್ಷ ಹತ್ತು ದಿನ ನಡೆದಿದ್ದು ರಷ್ಯಾ ತಕರಾರಿನಿಂದ ಏಳು ದಿನಕ್ಕೆ ಇಳಿಯಿತು. 2021ರ ಡಿಸೆಂಬರ್‌ನ ಆರನೇ ಪರಿಶೀಲನಾ ಸಮ್ಮೇಳನದಲ್ಲಿ ಕಾನೂನು ಒಪ್ಪಂದದ ಮಾತುಕತೆ ಶುರು ಮಾಡೋಣ ಅಂತ ಬಹಳ ದೇಶಗಳು ಒತ್ತಾಯಿಸಿದರೂ ಆಗಲಿಲ್ಲ. ಇನ್ನೂ ಹತ್ತು ದಿನ ಚರ್ಚಿಸೋಣ ಅನ್ನುವುದಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು. 2022ರ ಮಾರ್ಚ್‌ನಲ್ಲಿ, ಉಕ್ರೇನ್ ಯುದ್ಧ ಶುರುವಾದ ಮರುವಾರಗಳಲ್ಲಿ, ರಷ್ಯಾ ಅಜೆಂಡಾಕ್ಕೇ ಆಕ್ಷೇಪ ಎತ್ತಿ ಅಧಿಕೃತ ಸಭೆ ನಡೆಯದಂತೆ ಮಾಡಿತು.

ಇದೆಲ್ಲ ನೋಡಿ ನೋಡಿ ಸಾಕಾದ ದೇಶಗಳು ಬೇರೆ ದಾರಿ ಹುಡುಕಿದವು. 2023ರ ಫೆಬ್ರವರಿಯಲ್ಲಿ ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್‌ನ ದೇಶಗಳು ಕೋಸ್ಟರಿಕಾದಲ್ಲಿ ಸೇರಿ ಕಾನೂನು ಒಪ್ಪಂದ ಬೇಕು ಅಂತ ಘೋಷಿಸಿದವು. ಅಕ್ಟೋಬರ್‌ನಲ್ಲಿ ಮಹಾ ಕಾರ್ಯದರ್ಶಿ ಗುಟೆರೆಸ್ ಮತ್ತು ರೆಡ್ ಕ್ರಾಸ್ ಅಧ್ಯಕ್ಷೆ ಮಿರ್ಯಾನಾ ಸ್ಪೋಲ್ಯಾರಿಚ್ ಜೊತೆಯಾಗಿ 2026ರೊಳಗೆ ಒಪ್ಪಂದ ಮಾಡಿ ಅಂತ ಕರೆ ಕೊಟ್ಟರು. ಅದರ ಬೆನ್ನಿಗೇ ಬಂದಿದ್ದು ಆಸ್ಟ್ರಿಯಾದ ನಿರ್ಣಯ. ನ್ಯೂಯಾರ್ಕ್‌ನಲ್ಲಿ ಒಮ್ಮತ ಬೇಕಿಲ್ಲ, ಬಹುಮತ ಸಾಕು.

1996ರ ಪೆಟ್ಟು

ಆ ಮತದ ಹೊತ್ತಿಗೆ ಭಾರತ ಕೊಟ್ಟ ಕಾರಣವೂ ಇದರ ಸುತ್ತಲೇ ಇತ್ತು. ಜಿನೀವಾದಲ್ಲಿ ಚರ್ಚೆ ನಡೆಯುತ್ತಿದೆ, ಸೂಕ್ತ ವೇದಿಕೆ ಅದೇ, ಸಮಾನಾಂತರವಾಗಿ ಇನ್ನೊಂದು ಬೇಡ. ಹೊರಗಿನಿಂದ ಕೇಳಿದವರಿಗೆ ಇದು ಬರೀ ನೆಪದಂತೆ ಕಂಡಿತು. ಬೆಂಗಳೂರು, ಹೈದರಾಬಾದಿನಲ್ಲಿ ಡ್ರೋನ್ ತಯಾರಾಗುತ್ತಿದೆ, ಅದಕ್ಕೇ ವಿರೋಧ ಅಂತ ಕೆಲವರು ಬರೆದರು. ನನಗೆ ಹಾಗನ್ನಿಸುವುದಿಲ್ಲ. ಆಯುಧಕ್ಕಿಂತ, ಚರ್ಚೆ ಯಾವ ಕೋಣೆಯಲ್ಲಿ ನಡೆಯುತ್ತದೆ ಅನ್ನುವ ಚಿಂತೆಯೇ ಭಾರತಕ್ಕೆ ದೊಡ್ಡದಾಗಿತ್ತು. ಅದಕ್ಕೊಂದು ಹಳೆಯ ಕಥೆ ಇದೆ.

1996ರಲ್ಲಿ ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನದಲ್ಲಿ ಸಿಟಿಬಿಟಿ ಮಾತುಕತೆ ಕೊನೆ ಹಂತದಲ್ಲಿತ್ತು. ಅಣ್ವಸ್ತ್ರ ಪರೀಕ್ಷೆಗಳನ್ನು ಪೂರ್ತಿ ನಿಲ್ಲಿಸುವ ಒಪ್ಪಂದ ಅದು. ಜಾರಿಗೆ ಬರಬೇಕಾದರೆ ಭಾರತ ಸೇರಿದಂತೆ 44 ದೇಶಗಳು ಅನುಮೋದಿಸಲೇಬೇಕು ಅಂತ ಪಠ್ಯದಲ್ಲಿ ಬರೆದಿದ್ದರು. ನಮ್ಮ ಒಪ್ಪಿಗೆ ಕೇಳದೆ ನಮ್ಮ ಕೊರಳಿಗೆ ಹಗ್ಗ ಹಾಕುತ್ತಿದ್ದೀರಿ ಅನ್ನುವುದು ದೆಹಲಿಯ ಸಿಟ್ಟು. ರಾಯಭಾರಿ ಅರುಂಧತಿ ಘೋಷ್ ಈ ಅಸಮಾನ ಒಪ್ಪಂದಕ್ಕೆ ಭಾರತ ಈಗಲೂ ಸಹಿ ಹಾಕುವುದಿಲ್ಲ, ಮುಂದೆಯೂ ಹಾಕುವುದಿಲ್ಲ ಅಂತ ಸಭೆಯಲ್ಲೇ ಹೇಳಿದರು. ಆ ಸಮ್ಮೇಳನದಲ್ಲೂ ಒಮ್ಮತದ ನಿಯಮ. ಭಾರತ ತಡೆಯಿತು. ಒಪ್ಪಂದ ಅಲ್ಲಿಗೆ ಬಿತ್ತು ಅಂದುಕೊಂಡರೆ, ಆಸ್ಟ್ರೇಲಿಯಾ ಅದೇ ಪಠ್ಯ ಎತ್ತಿಕೊಂಡು ನ್ಯೂಯಾರ್ಕ್‌ನ ಸಾಮಾನ್ಯ ಸಭೆಗೆ ಹೋಯಿತು. ಸೆಪ್ಟೆಂಬರ್ 10ರಂದು ಮತದಾನ. 158 ಪರ, 3 ವಿರೋಧ, 5 ದೂರ. ವಿರೋಧದ ಮೂರು: ಭಾರತ, ಭೂತಾನ್, ಲಿಬಿಯಾ.

ಎರಡು ವರ್ಷದೊಳಗೆ ಪೋಖ್ರಾನ್ ಆಯಿತು, ಅದು ಬೇರೆ ಕಥೆ. ಆದರೆ ಜಿನೀವಾದಲ್ಲಿ ತಡೆದದ್ದನ್ನು ನ್ಯೂಯಾರ್ಕ್‌ನಲ್ಲಿ ಬಹುಮತದಿಂದ ದಾಟಿಸಬಹುದು ಅನ್ನುವುದು ನಮ್ಮ ವಿದೇಶಾಂಗ ಇಲಾಖೆಯವರ ತಲೆಯಿಂದ ಇಳಿದಿರಲಾರದು. ಆಮೇಲೆ ಆದದ್ದೆಲ್ಲ ಅದನ್ನೇ ಗಟ್ಟಿ ಮಾಡಿತು. ನೆಲಬಾಂಬ್ ವಿಷಯ ಸಿಸಿಡಬ್ಲ್ಯೂನಲ್ಲಿ ಅರೆಬರೆ ಆಯಿತು ಅಂತ ಕೆನಡಾ ಹೊರಗೆ ಕರೆದುಕೊಂಡು ಹೋಗಿ 1997ರಲ್ಲಿ ಒಟ್ಟಾವಾ ಒಪ್ಪಂದ ಮಾಡಿಸಿತು. ಕ್ಲಸ್ಟರ್ ಬಾಂಬ್‌ಗೂ ಹಾಗೇ, ನಾರ್ವೆ ಮುಂದೆ ನಿಂತು 2008ರಲ್ಲಿ. 2013ರ ಮಾರ್ಚ್‌ನಲ್ಲಿ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದಕ್ಕೆ ಇರಾನ್, ಸಿರಿಯಾ, ಉತ್ತರ ಕೊರಿಯಾ ಒಮ್ಮತ ತಪ್ಪಿಸಿದವು. ಕೆಲವೇ ದಿನಗಳಲ್ಲಿ ಅದು ಸಾಮಾನ್ಯ ಸಭೆಗೆ ಬಂದು 154 ಮತದಿಂದ ಪಾಸಾಯಿತು. ಭಾರತ ದೂರ ಉಳಿಯಿತು. ಗಿಲ್ ಅಧ್ಯಕ್ಷರಾಗಿದ್ದ 2017ರಲ್ಲೇ ಅಣ್ವಸ್ತ್ರ ನಿಷೇಧ ಒಪ್ಪಂದವೂ ನ್ಯೂಯಾರ್ಕ್‌ನಲ್ಲಿ ಅಂಗೀಕಾರವಾಯಿತು. ಭಾರತ ಆ ಮಾತುಕತೆಗೇ ಹೋಗಲಿಲ್ಲ.

ಇಷ್ಟು ಕಂಡವರಿಗೆ 78/241ರಲ್ಲಿ ‘ಅಭಿಪ್ರಾಯ ಕೇಳುವುದು’ ಕಾಣುವುದಿಲ್ಲ, ಬಾಗಿಲು ತೆರೆಯುವ ಮೊದಲ ಸದ್ದು ಕೇಳುತ್ತದೆ. ಈ ವರ್ಷ ವರದಿ, ಮುಂದಿನ ವರ್ಷ ಸಮಾಲೋಚನೆ, ಅದರ ಮುಂದಿನ ವರ್ಷ ಮಾತುಕತೆ. ಅನುಭವ ಸುಳ್ಳಲ್ಲ. 2024ರಲ್ಲಿ ನಡೆದದ್ದೂ ಅದೇ ಹಾದಿ.

ಪಾಕಿಸ್ತಾನದ ವಿಷಯ ಈಗ ಬರಲಿ. ನಿಷೇಧ ಬೇಕು ಅಂತ ಅದು ಮೊದಲಿನಿಂದ ಕೇಳುತ್ತಿರುವುದರಲ್ಲಿ ಮಾನವೀಯ ಕಾಳಜಿ ಎಷ್ಟಿದೆಯೋ, ತನಗಿಂತ ಜಾಸ್ತಿ ಹಣ ಮತ್ತು ಎಂಜಿನಿಯರ್‌ಗಳಿರುವ ನೆರೆಯವನನ್ನು ಕಟ್ಟಿಹಾಕುವ ಲೆಕ್ಕವೂ ಅಷ್ಟೇ ಇದೆ ಅಂತ ದೆಹಲಿ ಭಾವಿಸಿದರೆ ತಪ್ಪು ಹೇಳಲಾಗುವುದಿಲ್ಲ. ಚೀನಾ ಇನ್ನೂ ಜಾಣ. 2018ರಲ್ಲಿ ಬಳಕೆಯ ನಿಷೇಧಕ್ಕೆ ಬೆಂಬಲ ಅಂತ ಹೇಳಿತು. ಅಭಿವೃದ್ಧಿ ನಿಷೇಧದ ಬಗ್ಗೆ ಹೇಳಲಿಲ್ಲ. ಜೊತೆಗೆ ನಿಷೇಧಕ್ಕೆ ಒಳಪಡುವ ಆಯುಧದ ವ್ಯಾಖ್ಯೆಯನ್ನು ಎಷ್ಟು ಸಣ್ಣದು ಮಾಡಿತು ಅಂದರೆ, ಅದರೊಳಗೆ ಇವತ್ತಿನ ಯಾವ ಆಯುಧವೂ ಬರುವುದು ಕಷ್ಟ. ಎರಡೂ ಗಡಿಯಲ್ಲಿ ಇಂಥ ನೆರೆಯವರಿರುವಾಗ ದೆಹಲಿಗೆ ಒಮ್ಮತದ ಕೋಣೆ ಬೆಚ್ಚಗೆ ಅನ್ನಿಸುವುದು ಸಹಜ.

ಕಾರ್ಯಪ್ಪ ಮೈದಾನದ ಮೇಲೆ 75 ಡ್ರೋನ್

ಹಾಗಂತ ಆಯುಧದ ಲೆಕ್ಕವೇ ಇಲ್ಲ ಅಂತಲ್ಲ. ಗಿಲ್ ಜಿನೀವಾದಲ್ಲಿ ತತ್ವ ಜೋಡಿಸುತ್ತಿದ್ದ 2018ರಲ್ಲೇ ದೆಹಲಿಯಲ್ಲಿ ರಕ್ಷಣಾ ಸಚಿವಾಲಯ ಟಾಟಾ ಸಮೂಹದ ಎನ್. ಚಂದ್ರಶೇಖರನ್ ಅಧ್ಯಕ್ಷತೆಯಲ್ಲಿ ಕೃತಕ ಬುದ್ಧಿಮತ್ತೆಯ ಕಾರ್ಯಪಡೆ ಕೂರಿಸಿತ್ತು. ಅದರ ವರದಿ ಜೂನ್‌ನಲ್ಲಿ ಬಂತು, ಅದರ ಮೇಲೆ ರಕ್ಷಣಾ ಎಐ ಮಂಡಳಿ ಹುಟ್ಟಿತು.

2021ರ ಜನವರಿ 15, ಸೇನಾ ದಿನ. ಕೊಡಗಿನ ಕಾರ್ಯಪ್ಪನವರು 1949ರಲ್ಲಿ ಸೇನೆಯ ದಂಡನಾಯಕತ್ವ ವಹಿಸಿಕೊಂಡ ದಿನ. ದೆಹಲಿಯ ಕಾರ್ಯಪ್ಪ ಪೆರೇಡ್ ಮೈದಾನದಲ್ಲಿ ಸೇನೆ 75 ಡ್ರೋನ್‌ಗಳ ಹಿಂಡು ಹಾರಿಸಿತು. ಕೆಲವು ಅಣಕು ಟ್ಯಾಂಕು, ಇಂಧನ ಡಿಪೋಗಳ ಮೇಲೆ ದಾಳಿ ಮಾಡಿದವು. ಕೆಲವು ಸಾಮಾನು ಇಳಿಸಿ ತೋರಿಸಿದವು. ಹಿಂಡನ್ನು ಸೇನೆ ಜೊತೆ ರೂಪಿಸಿದ್ದು ಬೆಂಗಳೂರಿನ ನ್ಯೂಸ್ಪೇಸ್ ರಿಸರ್ಚ್ ಕಂಪನಿ. ಒಬ್ಬ ಸೈನಿಕ ಒಂದು ಡ್ರೋನ್ ನಡೆಸಬಹುದು, ಹೆಚ್ಚೆಂದರೆ ಎರಡು. 75 ಡ್ರೋನ್‌ಗಳಿಗೆ ಜಾಯ್‌ಸ್ಟಿಕ್ ಹಿಡಿದು ಕೂರಲು ಆಗುವುದಿಲ್ಲ. ಯಾವುದು ಎಲ್ಲಿಗೆ, ಯಾವುದು ಯಾವ ಗುರಿಗೆ ಅನ್ನುವುದರಲ್ಲಿ ಒಂದಷ್ಟನ್ನು ಹಿಂಡಿನ ಸಾಫ್ಟ್‌ವೇರಿಗೇ ಬಿಡಬೇಕು. ಹೊಡೆಯುವ ಕೊನೆಯ ಅಪ್ಪಣೆ ಮನುಷ್ಯನ ಕೈಯಲ್ಲಿಟ್ಟರೂ, 75 ಅಪ್ಪಣೆಗಳನ್ನು ಅವನು ಎಷ್ಟು ಯೋಚಿಸಿ ಕೊಟ್ಟಾನು?

ಬೆಂಗಳೂರಿನ ಹೆಸರು ಅಲ್ಲಿಗೇ ಮುಗಿಯುವುದಿಲ್ಲ. ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಕೇಂದ್ರ ಇಲ್ಲೇ ಇದೆ. ಯುದ್ಧವಿಮಾನದ ಜೊತೆ ಹಾರುವ ಪೈಲಟ್‌ರಹಿತ ಜತೆಗಾರ ವಿಮಾನವನ್ನು ಎಚ್‌ಎಎಲ್ ಇಲ್ಲೇ ರೂಪಿಸುತ್ತಿದೆ. ನಾಗಪುರದ ಕಂಪನಿ ಸೇನೆಗೆ ಕೊಟ್ಟ ನಾಗಾಸ್ತ್ರ-1 ಅನ್ನುವ ಸುತ್ತಾಡಿ ಹೊಡೆಯುವ ಡ್ರೋನಿನ ಹಿಂದೆಯೂ ಬೆಂಗಳೂರಿನ ಒಂದು ಕಂಪನಿ ಇದೆ. ಜಿನೀವಾದಲ್ಲಿ ‘ಮನುಷ್ಯನ ನಿಯಂತ್ರಣ’ ಅಂತ ಬರೆಯುವ ಒಂದು ಸಾಲಿನ ಅರ್ಥ ಏನು ಅನ್ನುವುದನ್ನು ನಾಳೆ ಕೋಡ್‌ನಲ್ಲಿ ಬರೆಯಬೇಕಾದವರು ಇಲ್ಲಿನ ಎಂಜಿನಿಯರ್‌ಗಳು. ಹಾಗಿದ್ದೂ ಕನ್ನಡದಲ್ಲಿ ಈ ವಿಷಯದ ಮೇಲೆ ಚರ್ಚೆಯೇ ಇಲ್ಲ ಅನ್ನುವಷ್ಟು ಕಡಿಮೆ.

ಸ್ವಾಯತ್ತತೆ ಕಡೆ ತಳ್ಳುತ್ತಿರುವುದು ಮಹತ್ವಾಕಾಂಕ್ಷೆ ಮಾತ್ರ ಅಲ್ಲ, ಜಾಮರ್ ಕೂಡ. ಉಕ್ರೇನ್‌ನಲ್ಲಿ ಎರಡೂ ಕಡೆಯವರು ರೇಡಿಯೊ ಸಂಪರ್ಕ ಕತ್ತರಿಸಿ ಎದುರಾಳಿಯ ಡ್ರೋನ್ ಉರುಳಿಸುತ್ತಾರೆ. ಅದಕ್ಕೆ ಮದ್ದು ಅಂತ, ಕೊನೆಯ ಹಂತದಲ್ಲಿ ಸಂಪರ್ಕ ಹೋದರೂ ಗುರಿಯನ್ನು ತಾನೇ ಹಿಡಿದುಕೊಂಡು ಹೋಗುವ ಬುದ್ಧಿ ಡ್ರೋನಿಗೆ ಕೊಡುತ್ತಿದ್ದಾರೆ. ಮನುಷ್ಯನನ್ನು ಬೇಕಂತ ಯಾರೂ ಹೊರಗಿಡುತ್ತಿಲ್ಲ, ಅವನ ತಂತಿ ಕತ್ತರಿಸಿದ ಮೇಲೆ ಉಳಿಯುವುದು ಯಂತ್ರ ಒಂದೇ. 2025ರ ಮೇ ತಿಂಗಳಲ್ಲಿ ಈ ತರ್ಕ ನಮ್ಮ ಗಡಿಗೂ ಬಂತು. ಮೇ 8ರ ರಾತ್ರಿ ಪಾಕಿಸ್ತಾನ 36 ಕಡೆ 300ರಿಂದ 400 ಡ್ರೋನ್ ಕಳಿಸಿತು ಅಂತ ಸರ್ಕಾರ ಹೇಳಿತು. ಭಾರತವೂ ಸುತ್ತಾಡಿ ಹೊಡೆಯುವ ಡ್ರೋನ್‌ಗಳನ್ನು ಬಳಸಿತು. ಅವುಗಳಿಗೆ ನಿರ್ವಾಹಕ ಇದ್ದೇ ಇರುತ್ತಾನೆ ಅಂದುಕೊಂಡರೂ, ಜಾಮರ್‌ಗೆ ಮದ್ದು ಹುಡುಕುವ ಕೆಲಸ ಎರಡೂ ಕಡೆ ಜೋರಾಗಿ ನಡೆಯುವುದರಲ್ಲಿ ಸಂಶಯ ಇಲ್ಲ.

ಬೇಡದಿಂದ ದೂರಕ್ಕೆ

2024ರ ಏಪ್ರಿಲ್ ಕೊನೆಯಲ್ಲಿ ವಿಯೆನ್ನಾದಲ್ಲಿ ನೂರನಲವತ್ತಕ್ಕೂ ಹೆಚ್ಚು ದೇಶಗಳ ಸಮ್ಮೇಳನ ನಡೆಯಿತು. ಅಣುಬಾಂಬ್ ರೂಪಿಸಿದ ವಿಜ್ಞಾನಿಯನ್ನು ನೆನೆದು, ಇದು ನಮ್ಮ ಪೀಳಿಗೆಯ ಓಪನ್‌ಹೈಮರ್ ಕ್ಷಣ ಅಂತ ಆಸ್ಟ್ರಿಯಾದ ವಿದೇಶಾಂಗ ಸಚಿವ ಶಾಲೆನ್‌ಬರ್ಗ್ ಹೇಳಿದರು. ಡಿಸೆಂಬರ್ 2ರಂದು ಸಾಮಾನ್ಯ ಸಭೆಗೆ ಎರಡನೇ ನಿರ್ಣಯ ಬಂತು, 79/62. ಇದು ಹಿಂದಿನದಕ್ಕಿಂತ ಒಂದು ಹೆಜ್ಜೆ ಮುಂದೆ: ನ್ಯೂಯಾರ್ಕ್‌ನಲ್ಲೇ ಎಲ್ಲ ದೇಶಗಳಿಗೂ ತೆರೆದ ಸಮಾಲೋಚನೆ ನಡೆಸಬೇಕು. 166 ಪರ, 3 ವಿರೋಧ, 15 ದೂರ. ವಿರೋಧ ರಷ್ಯಾ, ಬೆಲಾರೂಸ್, ಉತ್ತರ ಕೊರಿಯಾದ್ದು. ಭಾರತ ದೂರ ಉಳಿದ ಹದಿನೈದರಲ್ಲಿತ್ತು.

ಹಗುರವಾದ ನಿರ್ಣಯಕ್ಕೆ ‘ಬೇಡ’, ಭಾರವಾದದ್ದಕ್ಕೆ ಮೌನ. ತರ್ಕದಲ್ಲಿ ಇದು ಉಲ್ಟಾ. ಆದರೆ ಜೊತೆಗಾರರ ಪಟ್ಟಿ ನೋಡಿದರೆ ಅರ್ಥವಾಗುತ್ತದೆ. 1996ರಲ್ಲಿ ಒಂಟಿಯಾಗಿ ನಿಂತದ್ದಕ್ಕೆ ಒಂದು ಘನತೆ ಇತ್ತು, ದೇಶದೊಳಗೆ ಅದಕ್ಕೆ ಚಪ್ಪಾಳೆ ಸಿಕ್ಕಿತು. ಉಕ್ರೇನ್ ಯುದ್ಧ ನಡೆಯುತ್ತಿರುವಾಗ ರಷ್ಯಾ, ಬೆಲಾರೂಸ್ ಜೊತೆ ಮತಫಲಕದಲ್ಲಿ ‘ಬೇಡ’ದ ಕೆಂಪು ದೀಪ ಹಚ್ಚುವುದಕ್ಕೆ ಅಂಥ ಘನತೆ ಇಲ್ಲ. ಜಗತ್ತಿನ ದಕ್ಷಿಣದ ದೇಶಗಳ ದನಿ ನಾವು ಅನ್ನುವವರಿಗೆ, ಆ ದೇಶಗಳಲ್ಲಿ ಬಹುಪಾಲು ಎದುರು ಸಾಲಿನಲ್ಲಿ ಕೂತಿರುವುದು ಮುಜುಗರವೇ.

ಇನ್ನೊಂದು ನಷ್ಟ ಇದೆ, ಅದು ನನ್ನ ಪ್ರಕಾರ ದೊಡ್ಡದು. ಒಟ್ಟಾವಾ ಒಪ್ಪಂದದ ಹೊರಗೆ ನಿಂತ ದೇಶಗಳು ಅದರ ಪಠ್ಯದಲ್ಲಿ ಒಂದು ಅಕ್ಷರ ಬರೆಯಲಿಲ್ಲ. ನೆಲಬಾಂಬ್ ಆದರೆ ಪರವಾಗಿಲ್ಲ, ಅದು ಹಳೆಯ ತಂತ್ರಜ್ಞಾನ. ಸ್ವಾಯತ್ತ ಆಯುಧಗಳ ನಿಯಮ ಬರೆಯುವಾಗ ಎಐ ಸಂಶೋಧನೆ, ಚಿಪ್, ಡ್ರೋನ್ ಬಿಡಿಭಾಗಗಳ ರಫ್ತು, ಇವೆಲ್ಲ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತವೆ. ವರ್ಮಾ ಹೇಳಿದ್ದ ಅಂತರ ಹೆಚ್ಚಾಗಬಾರದು ಅನ್ನುವ ಭಯ ನಿಜವಾಗುವುದು ಅಲ್ಲೇ. ಅದನ್ನು ತಪ್ಪಿಸುವ ಸಾಲು ಪಠ್ಯದಲ್ಲಿ ಸೇರಬೇಕಾದರೆ ಬರೆಯುವ ಮೇಜಿನಲ್ಲಿ ಭಾರತ ಕೂತಿರಬೇಕು. ಆ ಮೇಜು ಯಾವ ಊರಿನಲ್ಲಿದ್ದರೂ.

ಈಗ ಹೆಚ್ಚಿನ ದೇಶಗಳು ಒಪ್ಪುವ ಚೌಕಟ್ಟು ಎರಡು ಹಂತದ್ದು. ಹೇಗೆ ವರ್ತಿಸುತ್ತದೆ ಅಂತ ಮೊದಲೇ ಹೇಳಲಾಗದ ಆಯುಧಗಳು, ಮನುಷ್ಯನ ನಿಯಂತ್ರಣಕ್ಕೆ ಸಿಗದವು, ಇವು ನಿಷೇಧ. ಉಳಿದವಕ್ಕೆ ಜಾಗ, ಸಮಯ, ಗುರಿಯ ಬಗೆ ಇವುಗಳ ಮೇಲೆ ಮಿತಿ. ಜನರನ್ನೇ ಗುರಿಯಾಗಿಸುವ ಸ್ವಾಯತ್ತ ಆಯುಧಗಳನ್ನೂ ನಿಷೇಧದ ಪಟ್ಟಿಗೆ ಸೇರಿಸಿ ಅಂತ ರೆಡ್ ಕ್ರಾಸ್ 2021ರಿಂದ ಹೇಳುತ್ತಿದೆ. ಅಂಥ ಚೌಕಟ್ಟಿನಲ್ಲಿ ಎಕೆ-630 ಉಳಿಯುತ್ತದೆ, ಹಾರ್ಪಿಯೂ ಬಹುಶಃ ಮಿತಿಯೊಳಗೆ ಉಳಿಯುತ್ತದೆ. ಭಾರತ ಕಳೆದುಕೊಳ್ಳುವುದು ಅಂದುಕೊಂಡಷ್ಟು ಇಲ್ಲ. 2024ರ ಅಕ್ಟೋಬರ್‌ನಲ್ಲಿ ಸೇನೆಯ ಎಐ ಎಷ್ಟು ನಂಬಬಹುದು ಅಂತ ಅಳೆಯುವ ಚೌಕಟ್ಟೊಂದನ್ನು ಆಗ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಅನಿಲ್ ಚೌಹಾಣ್ ಬಿಡುಗಡೆ ಮಾಡಿದರು. ನಂಬಲಾಗದ ಯಂತ್ರ ನಮ್ಮ ಸೈನಿಕರಿಗೂ ಬೇಡ ಅನ್ನುವುದನ್ನು ಸೇನೆಯೇ ಒಪ್ಪಿದಂತಾಯಿತು.

79/62 ಹೇಳಿದಂತೆ 2025ರ ಮೇ 12 ಮತ್ತು 13ರಂದು ನ್ಯೂಯಾರ್ಕ್‌ನಲ್ಲಿ ಸಮಾಲೋಚನೆ ನಡೆಯಿತು. ಭಾರತ-ಪಾಕಿಸ್ತಾನ ಕದನ ನಿಂತು ಎರಡು ದಿನವಾಗಿತ್ತು ಅಷ್ಟೇ. ಇತ್ತ ಜಿನೀವಾದ ಗುಂಪು ನೆದರ್‌ಲೆಂಡ್ಸ್‌ನ ರಾಬರ್ಟ್ ಇನ್ ಡೆನ್ ಬಾಷ್ ಅಧ್ಯಕ್ಷತೆಯಲ್ಲಿ ಒಂದು ಕರಡನ್ನು ಸಭೆಯಿಂದ ಸಭೆಗೆ ತಿದ್ದುತ್ತಾ ಬಂದಿದೆ. ಅದು ಕಾನೂನು ಒಪ್ಪಂದ ಆಗುತ್ತದೋ ಬರೀ ಘೋಷಣೆಯೋ ಅನ್ನುವುದನ್ನು ಬೇಕಂತಲೇ ಬಿಟ್ಟಿದ್ದಾರೆ. ಗುಂಪಿನ ಅವಧಿ 2026ರ ಕೊನೆಯವರೆಗೆ. ಏಳನೇ ಪರಿಶೀಲನಾ ಸಮ್ಮೇಳನ ಆ ವರ್ಷದ ನವೆಂಬರ್‌ಗೆ ನಿಗದಿಯಾಗಿದೆ. ಅಲ್ಲಿ ಕರಡಿಗೆ ಒಮ್ಮತ ಸಿಕ್ಕರೆ ಭಾರತ ಇಷ್ಟು ವರ್ಷ ಹೇಳಿದ್ದು ಗೆದ್ದಂತೆ. ಒಬ್ಬರು ತಡೆದರೆ ಆಸ್ಟ್ರಿಯಾ, ಮೆಕ್ಸಿಕೊ, ಕೋಸ್ಟರಿಕಾದಂಥ ದೇಶಗಳು ಕರಡು ಎತ್ತಿಕೊಂಡು ನ್ಯೂಯಾರ್ಕ್‌ಗೆ ಹೊರಡುವ ಸಾಧ್ಯತೆ ಜಾಸ್ತಿ, 1996ರಲ್ಲಿ ಆಸ್ಟ್ರೇಲಿಯಾ ಹೊರಟ ಹಾಗೆ. ಒಮ್ಮತದ ಕೋಣೆಯನ್ನು ಉಳಿಸಿಕೊಳ್ಳುವ ಆಸೆ ಭಾರತಕ್ಕೆ ನಿಜವಾಗಿ ಇದ್ದರೆ, ಆ ವಾರ ಜಿನೀವಾದಲ್ಲಿ ರಷ್ಯಾವನ್ನು ಒಪ್ಪಿಸುವ ಕೆಲಸಕ್ಕೆ ಇಳಿಯಬೇಕಾಗುತ್ತದೆ. ಮಾಸ್ಕೋ ಜೊತೆ ಹಾಗೆ ಮಾತಾಡಬಲ್ಲವರು ಆ ಸಭೆಯಲ್ಲಿ ಹೆಚ್ಚು ಜನ ಇಲ್ಲ.